ಮಾತಾಡದೆ ಅಗೆದ ಬೇರು

ನಮ್ಮ ದೊಡ್ಡಮ್ಮ ಮುನಿಯಲ್ಲಮ್ಮನ ಬಾಯಿ ಇಡೀ ಗೌನಿಪಲ್ಲಿಗೆ ಕೇಳುತ್ತದೆ. ಮಾವಿನ ತೋಟಕ್ಕೆ ಕೋತಿ ಬಂದರೆ ನಮ್ಮ ಬೀದಿಯವರು ಪಟಾಕಿ ಹುಡುಕುವುದಿಲ್ಲ, ಅವಳನ್ನು ಕರೆಯುತ್ತಾರೆ. ಅಂಥವಳು ಬಾಯಿ ಮುಚ್ಚಿಕೊಂಡಿರುತ್ತಿದ್ದದ್ದು ಒಂದೇ ಒಂದು ಕೆಲಸದಲ್ಲಿ. ಬಾಣಂತಿಗೆಂದು ‘ಹಲವು ಮಕ್ಕಳ ತಾಯಿ’ ಬೇರು ಅಗೆಯುವಾಗ.

ಓದಿದವರು ಅದನ್ನು ಶತಾವರಿ ಅನ್ನುತ್ತಾರೆ. ಬೇಲಿಯಲ್ಲಿ ಹಬ್ಬುವ ಮುಳ್ಳುಬಳ್ಳಿ, ಬುಡದಲ್ಲಿ ಬೆರಳಿನಂಥ ಬೇರುಗಳ ಗೊಂಚಲು. ತೊಳೆದು, ಬೇಯಿಸಿ, ಸಿಪ್ಪೆ ಸುಲಿದು, ನಡುವಿನ ನಾರು ಎಳೆದುಹಾಕಿ, ನೆರಳಲ್ಲಿ ಒಣಗಿಸಿ ಕುಟ್ಟಬೇಕು. ಪುಡಿಯನ್ನು ಬೆಲ್ಲದ ಹಾಲಿಗೆ ಹಾಕಿ ಕೊಟ್ಟರೆ ತಾಯಿಗೆ ಹಾಲು ಕೂಡುತ್ತದೆ ಎಂದು ನಂಬಿಕೆ. ಚೀನಾದವರು ಇದೇ ಜಾತಿಯ ಬೇರನ್ನು ಹಬೆಯಲ್ಲಿ ಬೇಯಿಸಿ ಸುಲಿಯುವುದನ್ನು ನಾನು ಒಮ್ಮೆ ಮೊಬೈಲಿನಲ್ಲಿ ತೋರಿಸಿದ್ದೆ. “ನಮ್ಮನ್ನ ನೋಡಿ ಕಲ್ತವ್ರೆ ಬಿಡೇ” ಅಂದಳು. ಅಷ್ಟು ಜಂಬ ಅವಳಿಗೆ! ಅಗೆಯುವಾಗ ಮಾತಾಡಿದರೆ ಬೇರಿನ ಗುಣ ಹೋಗುತ್ತದೆ ಎಂದು ಅವಳ ಅತ್ತೆ ಕಲಿಸಿದ್ದಳಂತೆ. ಅದನ್ನು ಅವಳು ಯಾವತ್ತೂ ಮುರಿದವಳಲ್ಲ.

ಮಾಲೂರಿನಲ್ಲಿ ನನ್ನ ತಂಗಿ ಅನಿತಳಿಗೆ ಎರಡನೇ ಹೆರಿಗೆಯಾಯಿತು. ದೊಡ್ಡಮ್ಮ ಆಗತಾನೆ ಮದುವೆಯಾಗಿ ಬಂದ ಸೊಸೆ ಮುನಿಲಕ್ಷ್ಮಿಯನ್ನು ಕರೆದುಕೊಂಡು ಬೇಲಿಗೆ ಹೋಗಿ ಬೇರು ತಂದಳು. ಪುಡಿ ಮಾಡಿ, ಡಬ್ಬಿಗೆ ತುಂಬಿ, ಅನಿತಳ ಗಂಡ ಕದಿರೇಶನ ಕೈಗೆ ಕೊಟ್ಟು ಕಳಿಸಿದಳು.

ಅವನು ಹೋದ ಮಾರನೆಯ ದಿನ ನಾನು ದೊಡ್ಡಮ್ಮನ ಜಗಲಿಯಲ್ಲಿ ಮುನಿಲಕ್ಷ್ಮಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದೆ. ದೊಡ್ಡಮ್ಮ ಒಳಗೆ ಮುದ್ದೆ ತಿರುವುತ್ತಿದ್ದಳು. ಹುಡುಗಿ ಮೆಲ್ಲಗೆ ಕೇಳಿದಳು: “ಅಕ್ಕ, ಅಗ್ನಿಶಿಖೆ ಗಡ್ಡೇನೂ ಬಾಣಂತಿಗೆ ಕೊಡ್ತಾರಾ?”

“ಥೂ, ಅದು ವಿಷ ಕಣೇ. ಯಾಕೆ?”

“ಅತ್ತೆ ಬುಟ್ಟಿಗೆ ಹಾಕಿದ್ರು. ಬಳ್ಳಿ ಒಣಗೋಗಿತ್ತು, ಹೂ ಇರ್ಲಿಲ್ಲ, ಅವ್ರಿಗೆ ಗೊತ್ತಾಗ್ಲಿಲ್ಲ. ನಮ್ಮೂರಲ್ಲಿ ಅದನ್ನ ತಿಂದು ಹಸು ಸತ್ತಿತ್ತು, ಅದ್ಕೇ ನಂಗೆ ಗಡ್ಡೆ ಗುರ್ತು ಸಿಕ್ತು.”

ನಾನು ಅವರೆಕಾಯಿ ಪಕ್ಕಕ್ಕೆ ತಳ್ಳಿದೆ. “ಆವಾಗ್ಲೇ ಬಾಯಿ ಬಿಡೋಕೇನಾಗಿತ್ತೇ ನಿಂಗೆ?”

“ಮಾತಾಡಿದ್ರೆ ಗುಣ ಹೋಗ್ತದೆ ಅಂದಿದ್ರಲ್ಲ ಅಕ್ಕ. ಆಮೇಲೆ ಅವ್ರೇ ತೆಗೆದಾಕ್ತಾರೆ ಅಂದ್ಕೊಂಡೆ” ಎಂದು ಅವಳು ಅಳತೊಡಗಿದಳು.

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮುದ್ದೆ ಕೋಲು. “ಒಂದು ಚೂರಿಗೆ ನಾರೇ ಬರ್ಲಿಲ್ಲ” ಎಂದಳು. “ಬೇಯುವಾಗ ಕಿತ್ತೋಗಿರ್ಬೇಕು ಅಂತ ಸೇರಿಸ್ಬಿಟ್ಟೆ. ಅಯ್ಯೋ ದೇವುಡಾ!”

ನಾನು ಮಾಲೂರಿಗೆ ಫೋನ್ ಹಚ್ಚಿದೆ. ಅನಿತಳ ಅತ್ತೆ ವೆಂಕಟರತ್ನಮ್ಮ ನಗುತ್ತಲೇ ಮಾತಾಡಿದರು: “ಬೆಳಿಗ್ಗೇನೇ ಒಂದು ಲೋಟ ಕುಡಿಸ್ದೆ ಕಣಮ್ಮ. ಯಾಕೋ ಹೊಟ್ಟೆ ತೊಳೆಸ್ತದೆ ಅಂತ ಮಲ್ಕೊಂಡವ್ಳೆ.”  ಅನಿತ ಆಗಲೇ ಕುಡಿದಿದ್ದಾಳೆ ಎಂದು ದೊಡ್ಡಮ್ಮನಿಗೆ ಹೇಳಿದೆ.

ದೊಡ್ಡಮ್ಮ ಫೋನ್ ಕಿತ್ತುಕೊಂಡು ಅರಚಿದಳು: “ಅಮ್ಮಾ, ಅದ್ರಲ್ಲಿ ವಿಷ ಸೇರ್ಕೊಂಡದೆ! ನನ್ನಿಂದ್ಲೇ ತಪ್ಪಾಗೋಯ್ತು. ಈಗಿಂದೀಗ್ಲೇ ಆಸ್ಪತ್ರೆಗೆ ಕರ್ಕೊಂಡೋಗ್ರಿ, ಡಬ್ಬೀನೂ ತಗೊಂಡೋಗ್ರಿ. ಮಗೂಗೆ ಎದೆಹಾಲು ಕೊಡ್ಬೇಡ್ರಿ!”

ಆಮೇಲೆ ಆ ಕಡೆಯಿಂದ ಯಾರೂ ಫೋನ್ ಎತ್ತಲಿಲ್ಲ. ನಾನೂ ದೊಡ್ಡಮ್ಮನೂ ಸಿಕ್ಕ ಬಸ್ಸು ಹತ್ತಿದೆವು. ಶ್ರೀನಿವಾಸಪುರದವರೆಗೆ ನಾನು ಬಾಯಿಗೆ ಬಂದಂತೆ ಬೈದೆ. ನಿನ್ನ ಗುಣವೂ ಬೇಡ, ನಿನ್ನ ಬೇರೂ ಬೇಡ, ನನ್ನ ತಂಗಿಗೇನಾದರೂ ಆದರೆ ನಿನ್ನ ಮುಖ ನೋಡುವುದಿಲ್ಲ ಅಂದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಕೋಲಾರದಲ್ಲಿ ಟೊಮ್ಯಾಟೊ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟಿತು. ಮಾಲೂರಿಗೆ ಮತ್ತೆ ಹಚ್ಚಿದ ಫೋನ್ ರಿಂಗಾಗುತ್ತಲೇ ಇತ್ತು. ಅವರು ಎತ್ತಿದರೆ ಯಾವ ಮಾತು ಕೇಳಬೇಕಾದೀತೋ ಎಂದು ಹೆದರಿ ನಾನೇ ಕಟ್ ಮಾಡಿದೆ. ದೊಡ್ಡಮ್ಮನ ಕೈ ನನ್ನ ಮೊಣಕೈ ಹಿಡಿದಿತ್ತು. ಬೈದಿದ್ದೆನಲ್ಲ, ಆದರೂ ಬಿಡಿಸಿಕೊಳ್ಳುವ ಮನಸ್ಸಾಗಲಿಲ್ಲ.

ಮಾಲೂರಿಗೆ ತಲುಪಿದಾಗ ಕದಿರೇಶನೇ ಫೋನ್ ಮಾಡಿ ಯಾವ ಆಸ್ಪತ್ರೆ ಎಂದು ಹೇಳಿದ. ಅನಿತ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಳು. ವಾಂತಿ ಆಗಿ ಆಗಿ ಮುಖ ಬಿಳಿಚಿತ್ತು, ಕಣ್ಣು ಮಾತ್ರ ತೆರೆದಿತ್ತು. ಹೊಟ್ಟೆಗೆ ಹೋದದ್ದು ಸ್ವಲ್ಪ, ಬೇಗ ಕರೆತಂದಿರಿ, ಆದರೂ ಕೆಲವು ದಿನ ನೋಡಬೇಕು, ಏನೂ ಹೇಳಲಾಗದು ಎಂದರು ಡಾಕ್ಟರು. ಆ ದಿನಗಳನ್ನು ನಾವು ಹೇಗೆ ಕಳೆದೆವೋ ದೇವರಿಗೇ ಗೊತ್ತು. ದೊಡ್ಡಮ್ಮ ವಾರ್ಡಿನ ಬಾಗಿಲು ಬಿಟ್ಟು ಕದಲಲಿಲ್ಲ, ಒಳಗೆ ಕಾಲಿಡಲೂ ಇಲ್ಲ. ಅನಿತ ಗೆದ್ದುಕೊಂಡಳು, ಮಗುವಿಗೂ ಏನೂ ಆಗಲಿಲ್ಲ. ಮನೆಗೆ ಕಳಿಸುವ ದಿನ ಅವಳೇ ಹೊರಗೆ ಬಂದು, “ದೊಡ್ಡಮ್ಮ, ನೀನು ಹೇಳ್ದೆ ಇದ್ದಿದ್ರೆ ಸಾಯಂಕಾಲ ಇನ್ನೊಂದು ಲೋಟ ಕುಡೀತಿದ್ದೆ” ಎಂದಳು. ದೊಡ್ಡಮ್ಮ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಇನ್ನು ಬೇರು ಮುಟ್ಟಲಾರಳು ಎಂದುಕೊಂಡಿದ್ದೆವು. ಈ ವರ್ಷ ಮುನಿಲಕ್ಷ್ಮಿಯೇ ಹೆತ್ತಳು. ಡಾಕ್ಟರ ಮಾತ್ರೆಯೇ ಸಾಕು ಎಂದು ನಾನು ಹೇಳಿದೆ. ಬಾಣಂತಿಯೇ ಬಿಡಲಿಲ್ಲ, ಅತ್ತೆಯ ಕೈಯ ಪುಡಿಯೇ ಬೇಕು ಎಂದಳು. ದೊಡ್ಡಮ್ಮ ನನ್ನನ್ನು ಬೇಲಿಗೆ ಎಳೆದುಕೊಂಡು ಹೋದಳು. ಹಳೆಯ ಅಭ್ಯಾಸ, ನಾನು ಬಾಯಿ ಮುಚ್ಚಿಕೊಂಡೆ.

“ಏನೇ ಮೂಗಿ ಥರ ನಿಂತಿದ್ದೀಯ! ಮಾತಾಡು. ಇದೇನು ಹೇಳು” ಎಂದು ಒಂದು ಬೇರನ್ನು ನನ್ನ ಮುಖಕ್ಕೇ ಹಿಡಿದಳು. 

“ಹಲವು ಮಕ್ಕಳ ತಾಯಿ ಬೇರು ದೊಡ್ಡಮ್ಮ.”

ಅವಳು ಅದನ್ನು ಮುರಿದು, ನಾರು ಎಳೆದು ನೋಡಿದಳು. ಬುಟ್ಟಿಗೆ ಮಾತ್ರ ಹಾಕಲಿಲ್ಲ.

“ಇನ್ನೊಂದ್ಸಲ ಹೇಳು” ಎಂದಳು.