ರಬ್ಬರ್ ಟಾರಿನ ಮೇಲೆ ಗಾಡಿ ಹತ್ತಬಾರದಂತೆ

ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ರಸ್ತೆ ಕೆಲಸದ ಓವರ್‌ಸಿಯರ್ ಆಗಿದ್ದೆ. ಗುಂಡ್ಲುಪೇಟೆಗೆ ಹೋಗುವ ರಸ್ತೆಗೆ ಆಗ ಹೊಸದಾಗಿ ಟಾರು ಬೀಳುತ್ತಿತ್ತು. ಬೇಸಿಗೆಯ ಮಧ್ಯಾಹ್ನ ಆ ಟಾರು ಬೆಲ್ಲದ ಪಾಕದ ಹಾಗೆ ಮೆತ್ತಗಾಗುತ್ತಿತ್ತು. ಎತ್ತಿನ ಗಾಡಿಯ ಚಕ್ರದ ಕಬ್ಬಿಣದ ಪಟ್ಟಿ ಹರಿದರೆ ನೇಗಿಲು ಹೊಡೆದಂತೆ ಗೆರೆ ಬೀಳುತ್ತಿತ್ತು. ಮಳೆ ಬಂದಾಗ ಆ ಗೆರೆಯಲ್ಲಿ ನೀರು ನಿಂತು ಜಲ್ಲಿಯೆಲ್ಲ ಕಿತ್ತು ಬರುತ್ತಿತ್ತು.

ಕಾದ ಟಾರಿಗೆ ರಬ್ಬರ್ ಪುಡಿ ಬೆರೆಸಿದರೆ ರಸ್ತೆ ಬಾಳುತ್ತದೆಯೇ ಎಂದು ನೋಡಲು ಮೇಲಿನಿಂದ ಅಪ್ಪಣೆಯಾಯಿತು. ಮಲಬಾರಿನ ಕಡೆಯಿಂದ ಗುಂಡ್ಲುಪೇಟೆಯ ಮೇಲೆ ಹಾದು ಲಾರಿಯಲ್ಲಿ ಪುಡಿಯ ಮೂಟೆಗಳು ಬಂದವು. ಹರವೆ ಹೋಬಳಿಯ ಸರಹದ್ದಿನಲ್ಲಿ ಒಂದು ಫರ್ಲಾಂಗು ಬರೀ ಟಾರು, ಅದಕ್ಕೆ ಹತ್ತಿದಂತೆ ಇನ್ನೊಂದು ಫರ್ಲಾಂಗು ರಬ್ಬರ್ ಟಾರು ಹಾಕಿದೆವು. ಹಳೇ ಚಪ್ಪಲಿ ಸುಟ್ಟಂಥ ನಾತ. ಕೂಲಿ ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡೇ ಕೆಲಸ ಮಾಡಿದರು. ಕರೀ ಹಾಸು ನುಣ್ಣಗೆ ಕೂತಾಗ ನನಗೆ ಹಬ್ಬದಂಥ ಸಂತೋಷ.

ಮಾರನೆಯ ದಿನ ಎಂಜಿನಿಯರು ಜೀಪಿನಲ್ಲಿ ಬಂದರು. ರಬ್ಬರ್ ತುಂಡಿನ ಎರಡು ತುದಿಗೂ ಕಲ್ಲು ಜೋಡಿಸಿ, ಮೋಟಾರುಗಳಿಗೆ ಮಾತ್ರ ಸಂದಿ ಬಿಡಿ, ಗಾಡಿಗಳೆಲ್ಲ ಪಕ್ಕದ ಹಳ್ಳದಲ್ಲಿ ಇಳಿದು ಹೋಗಲಿ ಅಂದರು.

"ಸಾರ್, ರಸ್ತೆ ಹಾಳಾಗ್ತಿರೋದೇ ಗಾಡಿಯಿಂದ. ಬರೀ ಟಾರಿನ ಮೇಲೆ ಗಾಡಿ ಬಿಟ್ಟು ಇದರ ಮೇಲೆ ಬಿಡದೆ ಇದ್ರೆ ಪರೀಕ್ಷೆ ಹೇಗಾಗುತ್ತೆ?" ಎಂದೆ.

"ಮೈಸೂರಿಂದ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ ಕಣ್ರೀ. ಅವರ ಮುಂದೆ ರಸ್ತೆ ಕನ್ನಡಿ ಥರ ಇರಬೇಕು. ಹೇಳಿದ್ದಷ್ಟು ಮಾಡಿ."

ಮೈ ಉರಿದುಹೋಯಿತು. ಆದರೂ ಕಲ್ಲು ಇಡಿಸಿದೆ, ಹುಕುಂ ಅಲ್ಲವೇ.

ಕೆಲವೇ ದಿನಗಳಲ್ಲಿ, ಚಾಮರಾಜನಗರದ ಸಂತೆಗೆ ಅರಿಸಿನ ಹೇರಿಕೊಂಡು ಹೊರಟಿದ್ದ ಗಂಡಹೆಂಡಿರ ಗಾಡಿ ಆ ಹಳ್ಳದಲ್ಲಿ ಮಗುಚಿತು. ನಾನು ಓಡಿಹೋದೆ. ಮೂಟೆಗಳು ಒಡೆದು ಅರಿಸಿನದ ಕೊಂಬೆಲ್ಲ ಕೆಸರಲ್ಲಿ ಬಿದ್ದಿತ್ತು. ಒಂದು ಎತ್ತಿನ ಮೊಣಕಾಲು ಸುಲಿದು ರಕ್ತ ಸುರಿಯುತ್ತಿತ್ತು. ಹೆಂಗಸು ಸೀದಾ ನನ್ನೆದುರು ಬಂದು ನಿಂತಳು.

"ಏನ್ ಸ್ವಾಮಿ, ರೋಡ್ ಮಾಡಿರದು ಓಡಾಡಕ್ಕೋ, ಅರಿಸ್ನ ಕುಂಕ್ಮ ಇಕ್ಕಿ ಪೂಜೆ ಮಾಡಕ್ಕೋ? ಕಾರ್ನೋರು ಮ್ಯಾಲೆ ಓಗ್ಬೇಕು, ನಾವು ಅಳ್ಳಕ್ ಬಿದ್ದು ಸಾಯ್ಬೇಕಾ?"

"ಸುಮ್ಕಿರಮ್ಮಿ, ಓಗ್ಲಿ ಬುಡು," ಎಂದು ಗಂಡ ಅವಳ ಕೈ ಹಿಡಿದೆಳೆದ.

"ಯಾಕ್ ಬುಡ್ಲಿ? ಎತ್ತಿನ್ ಕಾಲ್ ನೋಡು!"

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಗ್ಯಾಂಗಿನವರನ್ನು ಕರೆದು ಗಾಡಿ ಎತ್ತಿಸಿದೆ. ಆಮೇಲೆ ಅಡ್ಡಗಲ್ಲುಗಳನ್ನೆಲ್ಲ ನಾನೇ ಕೈಯಾರೆ ಉರುಳಿಸಿದೆ. ಅವರ ಗಾಡಿಯೇ ರಬ್ಬರ್ ಟಾರಿನ ಮೇಲೆ ಹೋದ ಮೊದಲನೆಯ ಗಾಡಿ.

ಅಂದಿನಿಂದ ಎಲ್ಲ ಗಾಡಿಗಳೂ ಎರಡು ತುಂಡಿನ ಮೇಲೂ ಓಡಾಡಿದವು. ದೊಡ್ಡ ಸಾಹೇಬರ ಭೇಟಿ ಮುಂದಕ್ಕೆ ಹೋಗುತ್ತಲೇ ಇತ್ತು, ಎಂಜಿನಿಯರೂ ಆ ಕಡೆ ತಲೆ ಹಾಕಲಿಲ್ಲ. ಸುಡುಬಿಸಿಲಿನ ಹೊತ್ತಿಗೆ ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಬರೀ ಟಾರಿನಲ್ಲಿ ಬೆರಳು ಇಳಿಯುತ್ತಿತ್ತು. ರಬ್ಬರ್ ಟಾರು ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಮೇಲೇಳುತ್ತಿತ್ತು. ಮುಂಗಾರು ಕಳೆಯುವ ಹೊತ್ತಿಗೆ ಬರೀ ಟಾರು ಕುಳಿಬಿದ್ದು ಜಲ್ಲಿ ಹಲ್ಲು ಕಿರಿದಿತ್ತು. ರಬ್ಬರ್ ತುಂಡಿನಲ್ಲಿ ಉಗುರು ಗೀರಿದಷ್ಟು ಗೆರೆ, ಅಷ್ಟೇ. ಗೆದ್ದಿತ್ತು! ಯಾರ ಕೃಪೆಯೂ ಇಲ್ಲದೆ, ಗಾಡಿಯ ಕೆಳಗೇ ಗೆದ್ದಿತ್ತು.

ಸಿಕ್ಕಿದ ಬಸ್ಸು ಹತ್ತಿ ಚಾಮರಾಜನಗರದ ಆಫೀಸಿಗೆ ಹೋಗಿ ಹೇಳಿದೆ. ಎಂಜಿನಿಯರ ಮುಖ ಕಪ್ಪಿಟ್ಟಿತು.

"ಯಾರನ್ನ ಕೇಳಿ ಗಾಡಿ ಬಿಟ್ರಿ?"

"ರಸ್ತೆ ತಡೆದುಕೊಂಡಿದೆ ಸಾರ್. ಒಂದು ಸಲ ಬಂದು ನೋಡಿ."

"ಗಾಡಿ ಬಿಟ್ಟಿಲ್ಲ ಅಂತ ಸಾಹೇಬ್ರಿಗೆ ಹೇಳಿದೀನಿ. ಈಗ ಗೆರೆ ಕಂಡ್ರೆ ನನ್ನ ಮಾತು ಏನಾಗಬೇಕು? ಪರೀಕ್ಷೆ ಕೆಡಿಸಿದ್ರಿ ನೀವು!"

ಅವರು ಬರಲಿಲ್ಲ. ಬಂದದ್ದು ಅಪ್ಪಣೆ: ರಬ್ಬರ್ ತುಂಡಿನ ಮೇಲೆ ಮತ್ತೆ ಬರೀ ಟಾರು ಹಾಕಿ ಗೆರೆ ಮುಚ್ಚಬೇಕು. ಕುಳಿಬಿದ್ದ ತುಂಡಿನ ಬಗ್ಗೆ ಒಂದು ಮಾತಿಲ್ಲ. ಟಾರಿನ ಪೀಪಾಯಿ ಇಳಿಸಿದಾಗ ಗ್ಯಾಂಗಿನ ಹಿರಿಯ ಹೆಂಗಸು ಕೇಳಿಯೇಬಿಟ್ಟಳು:

"ಕೆಟ್ಟಿರ ಕಡೆ ಬುಟ್ಬುಟ್ಟು, ಚೆಂದಾಗಿರದ್ರ ಮ್ಯಾಲೆ ಯಾಕ್ ಸ್ವಾಮಿ ಬಳಿಯದು?"

"ನನ್ನ ಕೇಳಬೇಡಮ್ಮ," ಎಂದೆ.

ಆ ಕೆಲಸ ಮುಗಿಯುವಷ್ಟರಲ್ಲಿ ನನಗೆ ಕಾಡಿನಂಚಿನ ಪುಣಜನೂರಿಗೆ ವರ್ಗವಾಯಿತು. ಆ ರಾತ್ರಿ ಅನ್ನದ ಮುಂದೆ ಕೂತು ಹೆಂಡತಿಗೆ ಎಲ್ಲ ಹೇಳಿದೆ. ಹೋಗಲಿ ಬಿಡಿ ಅಂತಾಳೆಂದುಕೊಂಡಿದ್ದೆ. ಅವಳು ಸೌಟನ್ನು ಪಾತ್ರೆಗೆ ಕುಕ್ಕಿ, "ವರ್ಗ ಹಾಳಾಗಿ ಹೋಗ್ಲಿ. ಚೆನ್ನಾಗಿರೋದನ್ನ ಮುಚ್ಚೋಕೆ ಅವರಿಗೆ ಕೈ ಹೇಗೆ ಬಂತು?" ಅಂದಳು. ಮಾರನೆಯ ದಿನವಿಡೀ ಸಾಮಾನು ಕಟ್ಟುತ್ತ ಇಬ್ಬರೂ ಆ ಮನುಷ್ಯನನ್ನು ಬೈದೆವು. ಈಗಲೂ ಆ ಮಾತು ಬಂದರೆ ಬೈಯುತ್ತೇವೆ.