ಜಾಲರಿಯ ಮೇಲಿನ ಕೌದಿ

ಇದೇ ಕೊನೆಯ ಕೆಲಸವೆಂದು ನಿಶ್ಚಯಿಸಿಕೊಂಡೇ ಮಾಲತೇಶನು ಹರಿಹರದಿಂದ ದಾವಣಗೆರೆಗೆ ಬೈಕಿನಲ್ಲಿ ಬಂದಿದ್ದನು. ಹೆಂಡತಿ ಪುಷ್ಪಲತಾ ತೀರಿಕೊಂಡ ಮೇಲೆ ಅವನಿಗೆ ಅಳುವೂ ಬಂದಿರಲಿಲ್ಲ, ಹಸಿವೂ ಆಗುತ್ತಿರಲಿಲ್ಲ. ಎ.ಸಿ. ರಿಪೇರಿಯ ಅಂಗಡಿಯನ್ನು ಮುಚ್ಚಿ, ಸಾರಥಿ ಎಂಬ ಹಳ್ಳಿಯಲ್ಲಿ ಭಾವಮೈದುನ ಅಂಜನಕುಮಾರನ ಹೊಲದ ಕೆಲಸಕ್ಕೆ ಸೇರುವುದೆಂದು ಮಾತಾಗಿತ್ತು.

ದೇವರಾಜ ಅರಸು ಬಡಾವಣೆಯಲ್ಲಿ ವ್ಯಾಪಾರಿ ಬಕ್ಕೇಶಪ್ಪನವರ ಮನೆ. ಇಡೀ ಮನೆಗೆ ಒಂದೇ ಯಂತ್ರ. ಸೂರಿನೊಳಗಿನ ಕೊಳವೆಗಳಲ್ಲಿ ಕೋಣೆಕೋಣೆಗೂ ತಣ್ಣನೆಯ ಗಾಳಿ ಹೋಗುತ್ತಿತ್ತು.

"ಏನೋ ಮಾಲತೇಶ, ನಿನ್ ಮಿಷನ್ನು ಬರೇ ಉಸ್ಸಂತೈತೆ, ತಂಪೇ ಇಲ್ಲ. ಇದಕ್ಕಿಂತ ನಮ್ಮಾಕಿ ಸೆರಗು ಬೀಸಿದ್ರೆ ವಾಸಿ," ಎಂದರು ಬಕ್ಕೇಶಪ್ಪನವರು.

"ನಲವತ್ತು ವರ್ಷ ಬೀಸೀನಿ, ಇನ್ನ ನನ್ ಕೈಲಾಗಲ್ಲ," ಎಂದು ಅವರ ಹೆಂಡತಿ ಕಸ್ತೂರಮ್ಮನವರು ಒಳಗಿನಿಂದಲೇ ಕೂಗಿದರು.

ಮಾಲತೇಶನು ನಗಲಿಲ್ಲ. ಹೊರಗಿನ ಫ್ಯಾನು ಸರಿಯಾಗಿ ತಿರುಗುತ್ತಿತ್ತು. ಒಳಗಿನ ತಾಮ್ರದ ಸುರುಳಿಯ ಮೇಲೆ ಮಾತ್ರ ಬಿಳಿಯ ಮಂಜು ಕಟ್ಟಿತ್ತು, ಗ್ಯಾಸಿನ ಒತ್ತಡ ತೋರಿಸುವ ಮೀಟರಿನ ಮುಳ್ಳು ಕೆಳಗಿಳಿದಿತ್ತು. ಗ್ಯಾಸು ಕಡಿಮೆಯಾಗಿದೆ ಎಂದುಕೊಂಡನು. ಮೊದಲಾಗಿದ್ದರೆ ಸಾಮಾನು ಬಿಚ್ಚುವ ಮುನ್ನ ಮನೆಯನ್ನೆಲ್ಲ ಒಮ್ಮೆ ಸುತ್ತುತ್ತಿದ್ದನು. "ಹೆಣ್ಣು ನೋಡಾಕೆ ಹೋದೋರಂಗೆ ಸುತ್ತುತೀಯ," ಎಂದು ಪುಷ್ಪಲತಾ ಹಾಸ್ಯ ಮಾಡುತ್ತಿದ್ದಳು. ಈಗ ಅದಕ್ಕೂ ಮನಸ್ಸಿಲ್ಲ. ಗ್ಯಾಸು ತುಂಬಲೆಂದು ಸಿಲಿಂಡರಿಗೆ ಕೈ ಹಾಕಿದನು.

"ಚಾ ಆರ್ತೈತೆ, ಬಾರಪ್ಪ!" ಎಂದು ಕಸ್ತೂರಮ್ಮನವರು ಕರೆದರು.

ಹಜಾರದಲ್ಲಿ ಕುಳಿತು ಚಹಾ ಕುಡಿಯುವಾಗ ದೇವರ ಜಗಲಿಯ ಪಕ್ಕದ ಗೋಡೆ ಕಣ್ಣಿಗೆ ಬಿತ್ತು. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪ ಕೌದಿಯೊಂದು, ಮೊಳೆಗೆ ಸಿಕ್ಕಿಸಿದ್ದು, ಗೋಡೆಗೆ ಅಂಟಿಕೊಂಡಿತ್ತು. ಎತ್ತಿ ನೋಡಿದರೆ, ಮನೆಯ ಗಾಳಿಯನ್ನು ಯಂತ್ರವು ಹಿಂದಕ್ಕೆ ಎಳೆದುಕೊಳ್ಳುವ ಜಾಲರಿ.

"ಇದನ್ನ ಯಾರು ಮುಚ್ಚಿದ್ದಮ್ಮಾ?"

"ನಾನೇ. ಅದು ಎಳೆಯೋ ಗಾಳಿಗೆ ದೇವ್ರ ದೀಪ ಆರ್ತಿತ್ತು. ನಮ್ ಮಗಳು ರೂಪಶ್ರೀ ಹೆರಿಗೆ ಆಗೋವರೆಗೂ ದೀಪ ಆರಬಾರ್ದು ಅಂತ ಹರಕೆ ಹೊತ್ತೀನಿ."

"ಮಿಷನ್ನಿನ ಮೂಗೇ ಮುಚ್ಚೀರಲ್ರಿ. ಉಸಿರಿಲ್ದೆ ಅದು ಮಂಜು ಕಟ್ಟೈತೆ."

"ಮಗಳು ಬಸುರಿ, ಕೌದಿ ಮಿಷನ್ನಿಗೆ!" ಬಕ್ಕೇಶಪ್ಪನವರು ಬಿದ್ದುಬಿದ್ದು ನಕ್ಕರು.

ಗ್ಯಾಸು ಸರಿಯಾಗಿಯೇ ಇದ್ದ ಯಂತ್ರಕ್ಕೆ ಮತ್ತೆ ತುಂಬಿ ಕೆಡಿಸಿಬಿಡುತ್ತಿದ್ದೆನೆಂದು ಮಾಲತೇಶನಿಗೆ ಹೊಳೆಯಿತು. ನಾಚಿಕೆಯೂ ಆಗಲಿಲ್ಲ, ನಿರಾಳವೂ ಆಗಲಿಲ್ಲ. ಕೌದಿಯನ್ನು ತೆಗೆದು, ದೀಪವನ್ನು ಆರದಂತೆ ಎತ್ತಿ ಜಗಲಿಯ ಆಚೆ ತುದಿಗಿಟ್ಟು, ಕಂದೀಲಿನ ಗಾಜು ಮುಚ್ಚಿದನು. ಮಂಜು ಕರಗುವವರೆಗೆ ತಂಪು ನಿಲ್ಲಿಸಿ ಬರೀ ಗಾಳಿ ಬಿಟ್ಟು, ಆಮೇಲೆ ತಂಪು ಹಚ್ಚಿದನು. ಊಟದ ಹೊತ್ತಿಗೆ ಹಜಾರ ತಂಪಾಯಿತು.

"ಅಂಗಡಿ ಮುಚ್ತೀಯಂತೆ," ಎಂದರು ಕಸ್ತೂರಮ್ಮ. "ಮುಂದಿನ ತಿಂಗಳು ಕೂಸು ಬಂದಿರ್ತೈತೆ. ಇದನ್ನ ನೋಡಾಕೆ ಯಾರು ಬರ್ತಾರೆ?"

"ನಾನೇ ಬರ್ತೀನ್ರಿ."

ಮಾತು ತಾನಾಗಿಯೇ ಬಾಯಿಂದ ಬಂದಿತ್ತು. ಸಂತೋಷವೇನೂ ಆಗಲಿಲ್ಲ. ಗೇಟಿನ ಬಳಿ ನಿಂತು ಅಂಜನಕುಮಾರನಿಗೆ ಫೋನು ಮಾಡಿದನು.

"ಸದ್ಯಕ್ಕೆ ನನ್ನ ದಾರಿ ಕಾಯಬ್ಯಾಡಪ್ಪ. ಒಂದ್ ಮನೆ ಮಿಷನ್ನು ನೋಡ್ಕೊಳ್ಳಾಕೆ ಒಪ್ಕೊಂಡೀನಿ."