ಆಯಿಯನ್ನು ಹೆಸರು ಹಿಡಿದು ಕರೆದ ಶಾಲೆ

ಆಗೆಲ್ಲ ನಮ್ಮ ಕಡೆ ಎಂಟು ವರ್ಷದ ಹುಡುಗಿ ಎಂದರೆ ಅವಳ ಸೊಂಟದ ಮೇಲೊಂದು ಕೂಸು ಇದ್ದೇ ಇರುತ್ತಿತ್ತು. ನನ್ನ ಸೊಂಟದ ಮೇಲಿದ್ದವನು ಮೂರು ವರ್ಷದ ತಮ್ಮ ಶಿವು. ನೀವು ಮೊಮ್ಮಕ್ಕಳು ಮುದ್ದೇಬಿಹಾಳದ ಅಜ್ಜ ಎನ್ನುತ್ತೀರಲ್ಲ, ಅವನೇ. ಅವ್ವ ಹೊಲಕ್ಕೆ ಹೋಗುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿಗೆ, ಒಲೆ, ರೊಟ್ಟಿ, ಎಮ್ಮೆ. ಕನ್ನಡ ಶಾಲೆಯಲ್ಲಿ ನನ್ನ ಹೆಸರಿತ್ತು, ನಾನಿರಲಿಲ್ಲ. ಶಿವೂನನ್ನು ಹೊತ್ತು ಹೋದರೆ ಅವನು ಅಳುತ್ತಿದ್ದ, ಮಾಸ್ತರು ಬಾಗಿಲ ಕಡೆ ಬೆರಳು ತೋರಿಸುತ್ತಿದ್ದರು.

ನಮ್ಮೂರು ನಾಲತವಾಡದ ಹತ್ತಿರ. ಬಸವನ ಬಾಗೇವಾಡಿಯಿಂದ ಸೊಸೆಯಾಗಿ ಬಂದ ಒಬ್ಬರು ಮಾಂಟೆಸ್ಸರಿ ತರಬೇತಿ ಪಡೆದಿದ್ದರು. ಶೇಂಗಾ ಕೀಳುವ ದಿನಗಳಲ್ಲಿ, ತಾಯಂದಿರೆಲ್ಲ ಹೊಲದಲ್ಲಿದ್ದಾಗ, ಅವರು ತಮ್ಮ ಪಡಸಾಲೆಯಲ್ಲಿ ಸಣ್ಣ ಮಕ್ಕಳ ಶಾಲೆ ತೆರೆದರು. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಅಲ್ಲಿ ಪಾಟಿ ಬಳಪ ಇಲ್ಲ, ಛಡಿ ಏಟು ಇಲ್ಲ. ಸಗಣಿ ಸಾರಿಸಿದ ತಂಪು ನೆಲದ ಮೇಲೆ ಚಾಪೆ ಹಾಸಿಕೊಂಡು ಮಕ್ಕಳು ಹೆಸರುಕಾಳು ಬೇರೆ, ಅಲಸಂದೆ ಬೇರೆ ಆರಿಸುತ್ತಿದ್ದವು. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದವು. ಚೆಲ್ಲಿದರೆ ಚೆಲ್ಲಿದವರೇ ಒರೆಸಬೇಕು. ಮಧ್ಯಾಹ್ನ ಕುದಿಸಿದ ಹಸಿ ಶೇಂಗಾ, ಚೂರು ಬೆಲ್ಲ.

ಮೊದಲೆರಡು ದಿನ ಶಿವು ಸೊಂಟದಿಂದ ಇಳಿಯಲೇ ಇಲ್ಲ. ಅವನ ನೀರನ್ನೂ ನಾನೇ ಸುರಿದೆ. ಅಕ್ಕೋರು ನಕ್ಕರು.

"ನಿನ್ನ ಕೈ ಹಿಂದ ಕಟ್ಟಿಕೋ ತಂಗಿ. ಆಮ್ಯಾಲೆ ಅವನ ಕೈ ಮುಂದ ಬರ್ತಾವ."

ಬಂದವು. ಸ್ವಲ್ಪ ದಿನಗಳಲ್ಲೇ ಅವನು ನನ್ನ ಕಡೆ ತಿರುಗಿಯೂ ನೋಡದಾದ. ಅವನನ್ನು ಅಲ್ಲಿ ಬಿಟ್ಟು ನಾನು ನನ್ನ ಶಾಲೆಗೆ ಓಡತೊಡಗಿದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಪಕ್ಕದ ಮನೆಯ ಕಾಶವ್ವ ಆಯಿಯನ್ನು ಚುಚ್ಚಿದಳು. "ನಿಮ್ಮ ಮೊಮ್ಮಗ ಸಾಲ್ಯಾಗ ನೆಲಾ ಒರಸಾಕತ್ತಾನಂತಲ್ಲ! ನಮ್ಮ ಮನಿಗೂ ಕಳಸ್ರಿ, ಪಡಸಾಲಿ ಹೊಲಸಾಗೈತಿ."

ಆಯಿ ಕೊಡವನ್ನು ಧಡ್ಡನೆ ತಂದು ಇಟ್ಟಳು. ಶಿವೂನನ್ನು ಅಕ್ಕೋರ ಹತ್ತಿರ ಬಿಟ್ಟು ಮನೆಗೆ ಬಂದಿದ್ದೆ, ನಾನಿನ್ನೂ ಶಾಲೆಗೆ ಹೊರಟಿರಲಿಲ್ಲ.

"ಗಂಡಹುಡುಗನ ಕೈಯಾಗ ನೆಲಾ ಒರಸೂ ಅರಿವಿ ಕೊಡ್ತಾಳ? ನಡಿ, ಅವನ್ನ ಕರಕೊಂಡು ಬರೂಣು. ನಾಳಿಂದ ನೀನೂ ಮನ್ಯಾಗಿರು, ಹುಡುಗನ್ನ ನೋಡ್ಕೋ. ನೀ ಕಲ್ತು ಯಾವ ಕಚೇರಿ ನಡಸೂದೈತಿ?"

ದಾರಿಯುದ್ದಕ್ಕೂ ಅವಳ ಹಿಂದೆ ನಡೆದೆ. ಆಯಿ ಅಂಗಳದಲ್ಲಿ ನಿಂತು ಕೂಗಿದರೆ ಹಳ್ಳದಾಚೆ ಕೇಳಿಸುತ್ತಿತ್ತು. ಅದೇ ಗಂಟಲಿನಲ್ಲಿ, "ಅಕ್ಕೋರ!" ಎಂದು ಒಳಗೆ ನುಗ್ಗಿದಳು.

ಪಡಸಾಲೆಯಲ್ಲಿ ಮೌನದ ಆಟ ನಡೆದಿತ್ತು. ಮಕ್ಕಳೆಲ್ಲ ಕಣ್ಣುಮುಚ್ಚಿ ಕುಳಿತಿದ್ದವು. ಅಕ್ಕೋರು ಒಳಕೋಣೆಯಲ್ಲಿ ನಿಂತು ಒಂದೊಂದೇ ಹೆಸರನ್ನು ಉಸಿರಿನಲ್ಲಿ ಕರೆಯಬೇಕು, ಕರೆಸಿಕೊಂಡವರು ಸಪ್ಪಳವಿಲ್ಲದೆ ಅವರ ಹತ್ತಿರ ಹೋಗಬೇಕು. ಆಯಿಯ ಕೂಗಿಗೆ ಎಲ್ಲರೂ ಕಣ್ಣು ತೆರೆದು ತುಟಿಗೆ ಬೆರಳಿಟ್ಟರು. ಶಿವು, "ಶ್!" ಎಂದ.

ಆಯಿಗೆ ಹಾಗೆ ಅನ್ನುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಅವಳು ಚಾಪೆಯ ತುದಿಗೆ ಕುಳಿತಳು.

ಬೆಳಕಿಂಡಿಯಲ್ಲಿ ಗುಬ್ಬಿ ರೆಕ್ಕೆ ಬಡಿದದ್ದು, ದೂರದಲ್ಲಿ ಎತ್ತಿನ ಗಂಟೆ, ಎಲ್ಲ ಕೇಳಿಸಿತು. ಒಬ್ಬೊಬ್ಬರೇ ಎದ್ದು ಹೋದರು. ಶಿವೂನೂ ಹೋದ. ಕೊನೆಗೆ ಚಾಪೆಯ ಮೇಲೆ ಆಯಿ ಒಬ್ಬಳೇ ಉಳಿದಳು. ಅಕ್ಕೋರು ನನ್ನನ್ನು ಸನ್ನೆ ಮಾಡಿ ಕರೆದು, "ನಿಮ್ಮ ಆಯಿ ಹೆಸರೇನ?" ಎಂದು ಕಿವಿಯಲ್ಲಿ ಕೇಳಿದರು. ನನ್ನ ಹೆಸರು ಹೇಳಲಿಕ್ಕೇ ನಾಚುತ್ತಿದ್ದ ಹುಡುಗಿ ನಾನು. ಹಿರಿಯರ ಹೆಸರು ಬಾಯಿಂದ ಬರುವ ಮಾತೇ ಅಲ್ಲ. ಆದರೂ ಹೇಳಿಬಿಟ್ಟೆ.

"ನೀಲವ್ವಾ..." ಎಂದು ಅಕ್ಕೋರು ಉಸಿರಿನಲ್ಲಿ ಕರೆದರು.

ಆಯಿ ತಲೆ ಎತ್ತಿದಳು. ಆಮೇಲೆ ಎದ್ದು, ಬಳೆಗಳು ಸಪ್ಪಳ ಮಾಡದಂತೆ ಒಂದು ಕೈಯನ್ನು ಇನ್ನೊಂದರಿಂದ ಬಿಗಿಹಿಡಿದು, ತುದಿಗಾಲಲ್ಲಿ ಒಳಗೆ ಬಂದಳು. ಒಂದು ಮಗುವೂ ನಗಲಿಲ್ಲ.

"ಈ ಊರಿಗೆ ಸೊಸಿಯಾಗಿ ನಡೀಲಿಕ್ಕೆ ಬಂದಾಗಿಂದ ಯಾರೂ ಹಿಂಗ ಕರದಿರಲಿಲ್ಲರಿ," ಎಂದಳು ಮೆಲ್ಲಗೆ. ನಂತರ ಬಂದ ಕೆಲಸ ನೆನಪಾಯಿತು. "ಅಲ್ರಿ, ಹುಡುಗನ ಕೈಲೆ ನೆಲಾ ಒರಸಸ್ತೀರಂತ?"

"ಅವ ಚೆಲ್ಲಿದ್ದನ್ನ ಅವನ ಒರಸ್ತಾನ್ರಿ."

ಆಯಿ ಶಿವೂನ ತಲೆ ಸವರಿದಳು. "ಇವರಪ್ಪ ಚೆಲ್ಲಿದ್ದನ್ನ ಇನ್ನೂ ನಾನ ಒರಸಾಕತ್ತೇನಿ. ಇವನರ ಕಲೀಲಿ ಬಿಡ್ರಿ." ನನ್ನತ್ತ ತಿರುಗಿದಳು. "ನೀ ಯಾಕ ಕಂಬದಂಗ ನಿಂತಿ? ನಿನ್ನ ಸಾಲಿ ಗಂಟಿ ಆತಲ್ಲ, ಓಡು!"

ಓಡಿದೆ. ಸೊಂಟದ ಮೇಲೆ ಯಾರೂ ಇಲ್ಲದೆ ಓಡುವಾಗ ಮೈ ಎಷ್ಟು ಹಗುರವಾಗಿತ್ತೆಂದರೆ, ಎಲ್ಲಿ ಮುಗ್ಗರಿಸುತ್ತೇನೋ ಎನಿಸಿತು.

ಕೆಲವು ವರ್ಷಗಳ ನಂತರ ಅಕ್ಕೋರ ಮನೆಯವರು ಪಟ್ಟಣಕ್ಕೆ ಹೋದರು, ಶಾಲೆ ನಿಂತಿತು. ಈಗ ಆ ಪಡಸಾಲೆಯಲ್ಲಿ ಗೊಬ್ಬರದ ಚೀಲಗಳಿವೆ. ಹೊರಗೆ ಟ್ರ್ಯಾಕ್ಟರಿನ ಹಾಡು ಎಷ್ಟು ಜೋರೆಂದರೆ, ಹಾಗೆ ಉಸಿರಿನಲ್ಲಿ ಕರೆದರೆ ಯಾರಿಗೂ ಕೇಳಿಸದು. ಯಾರೂ ಇಲ್ಲದಾಗ ನಿಮ್ಮ ಅಜ್ಜ, ನನ್ನ ಯಜಮಾನರು, ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಅವರು ಹೋದಮೇಲೆ ಅದೂ ಇಲ್ಲ. ಆದರೆ ಆ ದಿನದಿಂದ ಏಳನೆಯ ಇಯತ್ತೆಯ ಪರೀಕ್ಷೆ ಮುಗಿಯುವವರೆಗೆ ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ. ಇದನ್ನು ನಿಮಗೆ ಇನ್ನೊಬ್ಬರ ಕೈಯಿಂದ ಬರೆಸುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ.